ಕೆಂಪು ಬೊಟ್ಟು ಬಿದ್ದ ಕಡೆಯ ನಾಲ್ಕು ಪುಟ

ಎಸ್ ಎಂಬ ಇಂಗ್ಲಿಷ್ ಅಕ್ಷರಕ್ಕೆ ನಾನು ಬೈದಷ್ಟು ನನ್ನ ಹೆಂಡತಿಯ ತಮ್ಮನಿಗೂ ಬೈದಿಲ್ಲ. ನಾನು ಉಳವಪ್ಪ. ಬೆಟಗೇರಿಯ ತಿಪ್ಪವ್ವನವರ ಅಚ್ಚಿನ ಮನೆಯಲ್ಲಿ ಹದಿನೆಂಟು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದವನು. ಲಗ್ನಪತ್ರಿಕೆ, ನಾಟಕದ ಹ್ಯಾಂಡಬಿಲ್ಲು, ಹತ್ತಿ ದಲಾಲರ ಪಾವತಿ ಪುಸ್ತಕ, ಯಾವುದು ಬಂದರೂ ಕೈ ನಡೆಯುತ್ತಿತ್ತು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಇಪ್ಪತ್ತಾರು ಅಕ್ಷರಗಳ ಹೆಸರು ಗೊತ್ತಿತ್ತು, ಮುಖವೂ ಗೊತ್ತಿತ್ತು, ಅದೂ ಉಲ್ಟಾ. ಮೊಳೆಯ ಮೇಲೆ ಅಕ್ಷರ ತಿರುಗಿಯೇ ಇರುತ್ತದಲ್ಲ. ನೋಡಿ ನೋಡಿ ಜೋಡಿಸುವುದಕ್ಕೆ ಅರ್ಥ ಯಾಕೆ ಬೇಕು?

೧೯೫೬ರ ಮಳೆಗಾಲದಲ್ಲಿ ಲಕ್ಷ್ಮೇಶ್ವರದ ಗಾಳೆಪ್ಪ ಮಾಸ್ತರು ಒಂದು ಬಟ್ಟೆಯ ಗಂಟು ಹೊತ್ತುಕೊಂಡು ಬಂದರು. ಗಂಟಿನಲ್ಲಿ ಅವರು ಕೈಯಾರೆ ಬರೆದ ಪುಸ್ತಕ. ಒಂದು ಇದ್ದದ್ದು ಹಲವಾದಾಗ ಶಬ್ದ ಏನಾಗುತ್ತದೆ ಎಂಬುದೇ ಅದರ ವಿಷಯ. ಇಂಗ್ಲಿಷಿನಲ್ಲಿ ಹೇಗೆ, ಮರಾಠಿಯಲ್ಲಿ ಹೇಗೆ, ಕಚೇರಿಯ ಉರ್ದುವಿನಲ್ಲಿ ಹೇಗೆ, ಕನ್ನಡದಲ್ಲಿ ಹೇಗೆ ಎಂದು ಸಾಲುಸಾಲಾಗಿ ಅರವತ್ತನಾಲ್ಕು ಪುಟ. ಲಕ್ಷ್ಮೇಶ್ವರ ಮರಾಠಿ ಸಂಸ್ಥಾನದವರ ಕೈಯಲ್ಲಿದ್ದಾಗ ಅವರು ಅಲ್ಲಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಹುಕುಂ ಮರಾಠಿಯಲ್ಲಿ ಬರುತ್ತಿತ್ತು, ಮಕ್ಕಳು ಕನ್ನಡದಲ್ಲಿ ಅಳುತ್ತಿದ್ದವು, ಪರೀಕ್ಷೆ ಇಂಗ್ಲಿಷಿನಲ್ಲಿ. ಹೀಗಾಗಿ ಮೂವತ್ತು ವರ್ಷ ಕೂಡಿಸಿದ ಪುಸ್ತಕ ಅದು.

ನಮ್ಮಲ್ಲಿ ಇಂಗ್ಲಿಷ್ ಮೊಳೆ ಇದ್ದದ್ದೇ ಕಡಿಮೆ. ನಾಲ್ಕನೆಯ ಪುಟ ಮುಗಿಸಿ ಐದನೆಯದಕ್ಕೆ ಕೈ ಹಾಕಿದರೆ ಎಸ್ಸಿನ ಖಾನೆಯಲ್ಲಿ ಬೆರಳು ಮರಕ್ಕೆ ತಾಗಿತು. ನನಗೆ ಸಿಟ್ಟು ನೆತ್ತಿಗೇರಿತು.

"ಮಾಸ್ತರ್ರ, ಏನ್ ಮಂದೀರೀ ಇವರು! ಒಂದಕ್ಕ ಎರಡಾದ್ರ ಸಾಕು, ಹಿಂದ ಒಂದು ಬಾಲಾ ಹಚ್ಚತಾರ. ನಾವು ಹತ್ತು ಎತ್ತು ಅಂತೀವಿ. ಹತ್ತು ಎತ್ತುಗಳು ಅಂತ ಯಾವ ಮಗ ಅಂತಾನ?"

ಮಾಸ್ತರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಖರೇ ಐತಿ ನೀ ಅನ್ನೂದು. ಎಣಿಕಿ ಹೇಳಿದ ಮ್ಯಾಲೆ ಬಾಲಾ ಯಾಕ ಬೇಕು? ಆದ್ರ ಹತ್ತು ಹುಡುಗ ಅಂತೀಯೇನು? ಹತ್ತು ಹುಡುಗರು ಅಂತೀ. ದನಕ್ಕ ಒಂದು ರೀತಿ, ಮಂದಿಗೆ ಒಂದು ರೀತಿ. ಮರಾಠಿಯವರು ಘೋಡಾ ಇದ್ದದ್ದನ್ನ ಘೋಡೇ ಮಾಡ್ತಾರ. ಕಚೇರಿಯೊಳಗ ಕಾಗಜ್ ಇದ್ದದ್ದು ಕಾಗಜಾತ್ ಆಕ್ಕೈತಿ. ಯಾರೂ ಶಾಣ್ಯಾರಲ್ಲ, ಯಾರೂ ಹುಚ್ಚರಲ್ಲ. ನೀ ಹಚ್ಚು."

ಹಚ್ಚಲು ಎಸ್ ಎಲ್ಲಿಂದ ತರಲಿ? ಕಡೆಗೆ ಒಂದು ಉಪಾಯ ಮಾಡಿದೆವು. ನಾಲ್ಕು ಪುಟ ಜೋಡಿಸುವುದು, ಮಾಸ್ತರು ಪ್ರೂಫು ನೋಡುವುದು, ಟ್ರೆಡಲ್ ಎಂಬ ಅಚ್ಚಿನ ಯಂತ್ರ ತುಳಿಯುವ ಕರೀಮಸಾಬ ಐದುನೂರು ಪ್ರತಿ ಒತ್ತುವುದು, ಆಮೇಲೆ ನಾನು ಆ ಮೊಳೆಗಳನ್ನೆಲ್ಲ ಬಿಚ್ಚಿ ಖಾನೆಗಳಿಗೆ ಹಾಕಿ ಅದೇ ಎಸ್ಸುಗಳಿಂದ ಮುಂದಿನ ನಾಲ್ಕು ಪುಟ ಜೋಡಿಸುವುದು. ನಾಲ್ಕು ಪುಟದ ಒಂದು ಫಾರಮ್ಮಿಗೆ ಐದಾರು ದಿನ. ಹದಿನಾರು ಫಾರಂ.

ಆದರೆ ಮಾಸ್ತರ ಕಣ್ಣು ಕಾಯುವ ಹಾಗಿರಲಿಲ್ಲ. ಕಣ್ಣಿನ ನರ ಒಣಗುತ್ತಿವೆ, ದೀಪಾವಳಿಯ ದೀಪ ಕಂಡರೆ ಪುಣ್ಯ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿಬಿಟ್ಟಿದ್ದರು. ಮೊದಮೊದಲು ಲಕ್ಷ್ಮೇಶ್ವರದ ಬಸ್ಸು ಇಳಿದು ತಾವೇ ನಡೆದು ಬರುತ್ತಿದ್ದರು. ದಸರೆ ಇನ್ನೂ ದೂರ ಇರುವಾಗಲೇ ಗೋಡೆ ಹಿಡಿದು ಬರತೊಡಗಿದರು. ಪ್ರೂಫನ್ನು ಮೂಗಿಗೆ ಹಚ್ಚಿ, ಮೇಲೆ ಭೂತಗನ್ನಡಿ ಹಿಡಿದು, ಒಂದೊಂದೇ ಅಕ್ಷರ ನೋಡುತ್ತಿದ್ದರು. ಬೇರೆ ಯಾರೂ ನೋಡುವ ಹಾಗಿರಲಿಲ್ಲ. ನಾಲ್ಕು ಭಾಷೆ ಬಲ್ಲವರು ನಮ್ಮಲ್ಲಿ ಯಾರಿದ್ದರು? ನನಗೆ ಮಲಗಿದರೂ ಅದೇ ಹಪಹಪಿ. ಕಣ್ಣು ಮೊದಲು ಮುಗಿಯುತ್ತದೋ, ಪುಸ್ತಕ ಮೊದಲು ಮುಗಿಯುತ್ತದೋ?

ಮಹಾನವಮಿಯ ಹಿಂದಿನ ದಿನ, ಶುಕ್ರವಾರ, ಕಡೆಯ ಫಾರಮ್ಮಿನ ಪ್ರೂಫು ನೋಡಿ ಮುಗಿಸಿದರು. ತಿದ್ದಿದ್ದನ್ನು ಅವರೆದುರಿಗೇ ಸರಿಪಡಿಸಿದೆ. ಅರವತ್ತನಾಲ್ಕನೆಯ ಪುಟದಲ್ಲಿ ಇಪ್ಪತ್ತನಾಲ್ಕು ಶಬ್ದಗಳಿದ್ದವು. ಎಡಕ್ಕೆ ಒಂದು, ಬಲಕ್ಕೆ ಹಲವು ಎಂಬುದು ಪುಸ್ತಕದ ಕ್ರಮ. ಇಲ್ಲಿ ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ನಾನು ತಪ್ಪಾಗಿದೆ ಎಂದುಕೊಂಡೆ.

"ತಪ್ಪಲ್ಲೋ. ಇವು ಇಂಗ್ಲೀಷನ್ಯಾಗ ಒಂದಿದ್ರೂ ಅಷ್ಟ, ನೂರಿದ್ರೂ ಅಷ್ಟ. ಬಾಲಾ ಇಲ್ಲ" ಎಂದರು ಮಾಸ್ತರು. ಆಮೇಲೆ ಭೂತಗನ್ನಡಿ ಕೆಳಗಿಟ್ಟು ತಾವೇ ಹೇಳಿದರು. "ನನ್ನ ಶಾಲಿಯೊಳಗ ಶಂಕ್ರೆವ್ವ ಅಂತ ಕುರುಬರ ಹುಡುಗಿ ಇತ್ತು. ಎಲ್ಲಾದಕ್ಕೂ ಎಸ್ ಹಚ್ಚಿದ್ರ ಆತು ಅಂತ ನಾನ ಕಲಿಸಿದ್ದೆ. ಸಾಹೇಬ್ರು ತಪಾಸಣಿಗೆ ಬಂದು ಕುರಿಗಳಿಗೆ ಏನಂತಾರ ಅಂತ ಆಕಿನ್ನ ಕೇಳಿದ್ರು. ಹುಡುಗಿ ಎದ್ದು ನಿಂತು ಶೀಪ್ಸ್ ಅಂತು. ಸಾಹೇಬ್ರು ನಕ್ರು, ಇಡೀ ಕ್ಲಾಸ್ ನಕ್ಕಿತು. ನಾನೂ ನಕ್ಕೆ, ಉಳವಪ್ಪಾ. ತಪ್ಪು ನಂದು, ನಕ್ಕಿದ್ದು ಆಕಿಗೆ. ಮನ್ಯಾಗ ತೊಂಬತ್ತು ಕುರಿ ಇದ್ದ ಹುಡುಗಿ, ಮರುದಿನದಿಂದ ಶಾಲಿಗೆ ಬರಲಿಲ್ಲ. ಈಗ ಹಮ್ಮಿಗಿಗೆ ಕೊಟ್ಟಾರಂತ. ಮೊದಲನೇ ಪ್ರತಿ ಆಕಿಗೆ ಮುಟ್ಟಬೇಕು. ಈ ಪಾನು, ಈ ಕಡೀ ಪುಟಾ, ಅಚ್ಚಾದದ್ದು ನನ್ನ ಕಣ್ಣಲೇ ನೋಡಿ ಹೋಗ್ತೀನಿ, ಅಷ್ಟ ಸಾಕು."

ಇನ್ನು ಒತ್ತುವುದೊಂದೇ ಬಾಕಿ. ಕರೀಮಸಾಬ ಮುಳಗುಂದದಲ್ಲಿ ತಮ್ಮನ ಮಗಳ ನಿಕಾಹಿಗೆ ಹೊರಟಿದ್ದ. ಸೋಮವಾರ ಬಂದು ಒತ್ತುವುದೆಂದಾಯಿತು. ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದ ನಾಲ್ಕು ಪುಟಗಳನ್ನು ಗೋಡೆಗೆ ಆನಿಸಿ ಇಟ್ಟೆವು.

ಇಲ್ಲಿ ಒಂದು ಮಾತು ಹೇಳಬೇಕು. ಕರೀಮಸಾಬನಿಗೆ ಓದು ಬರಹ ಬಾರದು. ಒಂದು ಫಾರಂ ಒತ್ತಿ ಮುಗಿಸಿದ ಕೂಡಲೇ ಲಗ್ನಪತ್ರಿಕೆಯ ಕೆಂಪು ಮಸಿಯಲ್ಲಿ ಹೆಬ್ಬೆರಳು ಅದ್ದಿ ಚೌಕಟ್ಟಿನ ಬಲಮೂಲೆಗೆ ಒಂದು ಬೊಟ್ಟು ಇಡುತ್ತಿದ್ದ. ಕೆಂಪು ಬೊಟ್ಟು ಇದ್ದರೆ ಕೆಲಸ ಮುಗಿದಿದೆ, ಉಳವಪ್ಪ ಬಿಚ್ಚಬಹುದು. ಹದಿನೆಂಟು ವರ್ಷ ನಮ್ಮ ಮನೆಯ ಕಾನೂನು ಅದು.

ಶನಿವಾರ ಖಂಡೇಪೂಜೆ, ಅಂದರೆ ಆಯುಧಪೂಜೆ. ಮೊಳೆ ಜೋಡಿಸುವವನು ಆ ದಿನ ಮೊಳೆಗೆ ಕೈ ಮುಗಿಯಬೇಕು. ನಾನು ಮುಗಿಯಲಿಲ್ಲ. ಮುಂಡರಗಿಯ ಮಾವನ ಮನೆಯಲ್ಲಿ ಹೋಳಿಗೆ ಕಾದಿತ್ತು, ಶುಕ್ರವಾರವೇ ಬಸ್ಸು ಹತ್ತಿಬಿಟ್ಟೆ. ಬನ್ನಿ ಮುಡಿದು, ಉಂಡು, ಸೋಮವಾರ ಬೆಳಗ್ಗೆ ಹೊಟ್ಟೆ ಹೊತ್ತುಕೊಂಡು ಬಂದೆ. ಮುನ್ನುಡಿ ಜೋಡಿಸುವುದಿತ್ತು, ಅದಕ್ಕೂ ಎಸ್ ಬೇಕು. ಗೋಡೆಯ ಕಡೆ ನೋಡಿದೆ. ಬಲಮೂಲೆಯಲ್ಲಿ ಕೆಂಪು ಬೊಟ್ಟು. ಕರೀಮಸಾಬ ಭಲೇ, ಬೇಗ ಬಂದು ಒತ್ತಿ ಹೋಗಿದ್ದಾನೆ ಎಂದುಕೊಂಡು ಚೌಕಟ್ಟಿನ ಬಿಗಿ ಸಡಿಲಿಸಿದೆ. ಹನ್ನೊಂದು ಗಂಟೆಯೊಳಗೆ ನಾಲ್ಕೂ ಪುಟ ಬಿಚ್ಚಿ ಖಾನೆಗಳಿಗೆ ಎಸೆದುಬಿಟ್ಟೆ. ಅವತ್ತು ಎಷ್ಟು ಹುರುಪು ನನಗೆ! ಸಿಳ್ಳೆ ಹಾಕುತ್ತಾ ಬಿಚ್ಚಿದೆ.

ಮಧ್ಯಾಹ್ನ ಕರೀಮಸಾಬ ಬಂದ. ಕೈಯಲ್ಲಿ ನಿಕಾಹಿನ ಸಿಹಿಯ ಪೊಟ್ಟಣ.

"ಉಳವಪ್ಪಣ್ಣಾ, ಕಡೀ ಫಾರಂ ಎಲ್ಲಿ ಇಟ್ಟಿ? ಒತ್ತಿಬಿಡ್ತೀನಿ."

"ಒತ್ತೀದಿ ಅಲ್ಲಲೇ."

"ನಾ ಈಗ ಬಸ್ಸಿಳಿದು ಬರಾಕತ್ತೇನಿ, ಯಾವಾಗ ಒತ್ತಲಿ?"

ನಾನು ಖಾಲಿ ಚೌಕಟ್ಟಿನ ಕಡೆ ತಿರುಗಿದೆ. ಒಳಗಿನಿಂದ ತಿಪ್ಪವ್ವನವರು ಬಂದರು. ಗಂಡ ತೀರಿದ ಮೇಲೆ ಅಚ್ಚಿನ ಮನೆ ನಡೆಸುತ್ತಿದ್ದ ಮುದುಕಿ. ವರ್ಷವೂ ಯಂತ್ರಗಳಿಗೆ ವಿಭೂತಿ ಹಚ್ಚುತ್ತಿದ್ದರು. ಈ ವರ್ಷ ಪುಸ್ತಕ ಸುಸೂತ್ರ ಮುಗಿಯಲಿ ಎಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಎಲ್ಲದಕ್ಕೂ ಹಚ್ಚಿದ್ದರು. ಟ್ರೆಡಲ್ಲಿಗೆ, ಕತ್ತರಿಸುವ ಯಂತ್ರಕ್ಕೆ, ಗೋಡೆಗೆ ಆನಿಸಿದ್ದ ಚೌಕಟ್ಟಿಗೆ. ಹಿಂದಿನ ಯಾವ ಖಂಡೇಪೂಜೆಯಲ್ಲೂ ಒತ್ತದೇ ಉಳಿದ ಫಾರಂ ನಮ್ಮಲ್ಲಿ ಇದ್ದಿರಲಿಲ್ಲ.

"ಎಂಥಾ ಕೆಲಸಾ ಮಾಡಿದ್ರಿ ಅವ್ವಾರ! ನಿಮ್ಮ ಕುಂಕುಮಕ್ಕ ಬೆಂಕಿ ಹಚ್ಚಾ!" ಎಂದು ಕೂಗಿದೆ. ಎಂಥ ಬಾಯಿ ನನ್ನದು! ಆ ಮುದುಕಿ ಬಾಗಿಲಿಗೆ ಆತುಕೊಂಡು ಕುಳಿತುಬಿಟ್ಟರು. "ನನ್ನ ಕೈಲೇ ಆತೇನೋ, ಉಳವಪ್ಪಾ" ಎಂದು ಅಳತೊಡಗಿದರು. ಅಲ್ಲ, ತಪ್ಪು ನನ್ನದು ಎನ್ನಬೇಕಾದವನು ನಾನು. ಟ್ರೆಡಲ್ಲಿಗೂ ಕುಂಕುಮ ಇತ್ತು, ನನ್ನ ಖಾನೆಗಳಿಗೂ ಇತ್ತು. ಕಣ್ಣು ತೆರೆದು ಒಂದು ಸಲ ಸುತ್ತ ನೋಡಿದ್ದರೆ ಸಾಕಿತ್ತು.

ಬರೆದ ಹಾಳೆ ಇದ್ದರೆ ಮತ್ತೆ ಜೋಡಿಸಬಹುದು. ಹಾಳೆ? ಪೂಜೆಗೆಂದು ಕಸ ಗುಡಿಸುವಾಗ ಜೋಡಿಸಿ ಮುಗಿದ ಹಾಳೆ, ಹಳೆಯ ಪ್ರೂಫು ಎಲ್ಲವನ್ನೂ ತಿಪ್ಪವ್ವನವರು ಚುರುಮುರಿ ಮಾರುವ ಗೌಸಬಿಗೆ ಕೊಡುವುದು ವಾಡಿಕೆ. ನಾನು ಚಪ್ಪಲಿ ಮೆಟ್ಟದೆ ಓಡಿದೆ. ನೇಕಾರರ ಓಣಿಯ ಮೂಲೆಯಲ್ಲಿ ಗೌಸಬಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು.

"ಕಾಗದಾ ಎಲ್ಲಿ ಅದಾವ? ಕೈಲೇ ಬರದದ್ದು, ನಾಕು ಹಾಳಿ!"

"ದಸರಾದಾಗ ಗಿರಾಕಿ ಮುತ್ತಿಕೊಂಡಿತ್ತು ಅಣ್ಣಾ, ಎಲ್ಲಾ ಪೊಟ್ಟಣಾ ಕಟ್ಟಿ ಕೊಟ್ಟೆ. ಯಾಕ, ಏನಾತು?"

ಬುಟ್ಟಿಯ ತಳ ಕೆದಕಿದೆ. ಓಣಿಯ ಉದ್ದಕ್ಕೂ ಗಟಾರದಲ್ಲಿ, ಮಗ್ಗದ ಮನೆಗಳ ಕಟ್ಟೆಯ ಕೆಳಗೆ, ಬಿದ್ದ ಚೂರುಗಳನ್ನೆಲ್ಲ ಹೆಕ್ಕಿದೆ. ಮಂದಿ ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು. ಗೌಸಬಿಯೂ ಪಾಪ, ಬುಟ್ಟಿ ಬಿಟ್ಟು ನನ್ನ ಜೊತೆ ಹುಡುಕಿದಳು. ಎಣ್ಣೆ ಕುಡಿದ ಅರ್ಧ ಹಾಳೆ ಒಂದು ಸಿಕ್ಕಿತು. ಅದು ಅರವತ್ತೆರಡನೆಯ ಪುಟದ್ದು.

"ಲಕ್ಷ್ಮೇಶ್ವರಕ್ಕ ಹೋಗಿ ಹೇಳಿ ಬಾ, ಅಣ್ಣಾ. ಕಣ್ಣು ಇನ್ನೂ ಸ್ವಲ್ಪ ಅದಾವು, ಮತ್ತ ಬರದು ಕೊಡ್ತಾರ" ಎಂದ ಕರೀಮಸಾಬ. ಅದೇ ಸರಿಯಾದ ದಾರಿ. ಇವತ್ತು, ನಾಳೆ ಎಂದು ನಾನು ಹನ್ನೆರಡು ದಿನ ಕಳೆದೆ. ಹೆದರಿಕೆ, ಮತ್ತೇನು? ಮುಖ ತೋರಿಸುವ ಧೈರ್ಯ ಇರಲಿಲ್ಲ.

ಹನ್ನೆರಡನೆಯ ದಿನ ಅವರೇ ಬಂದರು. ಬಸ್ಸಿನ ಕಂಡಕ್ಟರು ಕೈ ಹಿಡಿದು ಕರೆತಂದ. ಬಾಗಿಲಲ್ಲಿ ನಿಂತು, "ಬೆಳಕು ಇದ್ದದ್ದು ತಿಳೀತದ, ಮುಖಾ ತಿಳ್ಯೂದಿಲ್ಲ. ಪುಸ್ತಕ ಆತೇನಪಾ?" ಎಂದರು.

ಆ ದಿನಕ್ಕೆಂದು ನಾನು ಒಂದು ಹೇಸಿಗೆ ಕೆಲಸ ಮಾಡಿಟ್ಟಿದ್ದೆ. ಮೊದಲ ಫಾರಮ್ಮಿನ ಹೆಚ್ಚಿನ ಹಾಳೆಗಳು ಮೂಲೆಯಲ್ಲಿ ಬಿದ್ದಿದ್ದವು. ಅದರಲ್ಲೊಂದನ್ನು ಕಡೆಗೆ ಸೇರಿಸಿ ಒಂದೇ ಒಂದು ಪ್ರತಿ ಹೊಲಿದಿದ್ದೆ. ಕಾಣದವರಿಗೆ ಏನು ಗೊತ್ತಾಗುತ್ತದೆ? ಮೊದಲು ಅವರ ಜೀವಕ್ಕೆ ಸಮಾಧಾನ ಆಗಲಿ, ಮುಂದಿನದು ಮುಂದೆ ನೋಡಿದರಾಯಿತು. ಹೀಗೆ ನನಗೆ ನಾನೇ ಹೇಳಿಕೊಂಡಿದ್ದೆ. "ಆತ್ರೀ ಮಾಸ್ತರ್ರ" ಎಂದು ಪುಸ್ತಕ ಕೈಗಿಟ್ಟೆ. ಕರೀಮಸಾಬ ಮುಖ ತಿರುಗಿಸಿಕೊಂಡು ಹೊರಗೆ ಹೋದ.

ಮಾಸ್ತರು ಪುಸ್ತಕ ಮೂಸಿದರು, ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಕಡೆಯ ಪುಟ ತೆರೆದು ಹೆಬ್ಬೆರಳು ಆಡಿಸತೊಡಗಿದರು. ನಮ್ಮ ಟ್ರೆಡಲ್ಲಿನ ಒತ್ತು ಜಾಸ್ತಿ, ಅಕ್ಷರ ಕಾಗದದಲ್ಲಿ ತಗ್ಗು ಬೀಳುತ್ತಿತ್ತು. ಬೆರಳು ಎಡದ ಸಾಲಿನ ಮೇಲೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಅವರ ಮುಖದ ನಗು ಮೆಲ್ಲಗೆ ಇಳಿಯಿತು.

"ಉಳವಪ್ಪಾ, ಬಲಗಡಿ ಸಾಲು ಒಂದು ಅಕ್ಷರ ಉದ್ದ ಅದಾವು. ಎಲ್ಲಾದಕ್ಕೂ ಬಾಲಾ ಐತಿ. ಇದು ಆ ಪಾನು ಅಲ್ಲ. ನನ್ನ ಪಾನು ಎಲ್ಲಿ?"

ನಾನು ಅವರ ಕಾಲ ಮೇಲೆ ಬಿದ್ದೆ. ಎಲ್ಲ ಹೇಳಿದೆ. ಬೊಟ್ಟು, ಚುರುಮುರಿ, ಹನ್ನೆರಡು ದಿನ, ಎಲ್ಲ. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹನ್ನೆರಡು ದಿನದ ಹಿಂದ ಬಂದಿದ್ರ ನಾ ಬರದು ಕೊಡ್ತಿದ್ದೆನಲ್ಲೋ" ಎಂದರು. ಅಷ್ಟೇ. ಆ ಮಾತು ಇನ್ನೂ ನನ್ನ ಎದೆಯಲ್ಲಿದೆ.

ಅವರು ಊರಿಗೆ ಹೋಗಲಿಲ್ಲ. ತಿಪ್ಪವ್ವನವರು ಒಳಗೆ ಹಾಸಿಗೆ ಹಾಸಿಕೊಟ್ಟರು. ನಾನು ಮೊಳೆಯ ಖಾನೆಯ ಮುಂದೆ ನಿಂತೆ, ಅವರು ಸ್ಟೂಲಿನ ಮೇಲೆ ಕುಳಿತು ಒಂದೊಂದೇ ಅಕ್ಷರ ಹೇಳಿದರು. ಕಾಗದ ಇಲ್ಲದೆ ಬಾಯಿಂದ ನೇರ ಮೊಳೆಗೆ. ಮೊದಲ ಮೂರು ಪುಟ ಎರಡು ದಿನದಲ್ಲಿ ಬಂದವು. ಶಾಲೆಯಲ್ಲಿ ದಿನವೂ ಬಾಯಿಪಾಠ ಮಾಡಿಸಿದ ಶಬ್ದಗಳು ಅವು. ಕಾಲಿಗೆ, ಹಲ್ಲಿಗೆ, ಇಲಿಗೆ ಇಂಗ್ಲಿಷರು ಹೊಟ್ಟೆಯೊಳಗೇ ಅಕ್ಷರ ಬದಲಿಸುತ್ತಾರಂತೆ, ಎತ್ತಿಗೆ ಬೇರೆಯೇ ಬಾಲ ಹಚ್ಚುತ್ತಾರಂತೆ. ಎತ್ತಿನ ಸಾಲುಗಳಿಗೆ ಗೌಸಬಿಯ ಅರ್ಧ ಹಾಳೆಯೂ ನೆರವಾಯಿತು.

ನಾಲ್ಕನೆಯ ಪುಟ ಬಂತು.

"ಎಸ್, ಎಚ್, ಇ, ಇ, ಪಿ."

"ಆತ್ರಿ. ಬಲಗಡಿ?"

"ಅದ ಐದು. ಕೊನಿಗೆ ಏನೂ ಬ್ಯಾಡ."

ಹತ್ತು ಶಬ್ದ ಸರಾಗವಾಗಿ ಬಂದವು. ಆಮೇಲೆ ಗಂಟೆಗೊಂದು. ಹದಿನೇಳಕ್ಕೆ ನಿಂತುಬಿಟ್ಟಿತು. "ಹದಿನೆಂಟು... ಹದಿನೆಂಟು..." ಎಂದು ಮಾಸ್ತರು ಹಣೆ ಬಡಿದುಕೊಂಡರು. ಊಟ ಬಿಟ್ಟರು. ಮೂವತ್ತು ವರ್ಷದಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕ ಶಬ್ದಗಳು ಅವು, ಹಾಳೆಯ ಮೇಲೆ ಇವೆ ಎಂದು ತಲೆ ಅವುಗಳನ್ನು ಕೈಬಿಟ್ಟಿತ್ತು. ನನಗೆ ನೋಡಲಾಗಲಿಲ್ಲ.

"ಹದಿನೇಳಕ್ಕ ಮುಗಸೂಣ್ರೀ ಮಾಸ್ತರ್ರ. ಯಾರಿಗೆ ಗೊತ್ತಾಕ್ಕೈತಿ?"

"ಇಪ್ಪತ್ನಾಕು ಅದಾವು. ಹದಿನೇಳಕ್ಕ ಮುಗಿಸಿದ್ರ ಇಷ್ಟ ಅದಾವು ಅಂದಂಗಾತು. ಒಬ್ಬಾಕಿಗೆ ತಪ್ಪು ಕಲಿಸಿದ್ದು ಸಾಕು. ಅಂಕಿ ಹಚ್ಚು, ಮುಂದ ಜಾಗಾ ಬಿಡು. ಎಂಟು ದಿನಾ ತಡಿ, ನೆನಪಾದಂಗ ಹೇಳಿ ಕಳಸ್ತೀನಿ."

ಹದಿನೆಂಟರಿಂದ ಇಪ್ಪತ್ತನಾಲ್ಕರವರೆಗೆ ಬರೀ ಅಂಕಿ ಹಚ್ಚಿ ಚೌಕಟ್ಟು ಬಿಗಿದೆ.

ಅವತ್ತು ನವೆಂಬರ್ ಒಂದು. ಕನ್ನಡ ನಾಡು ಒಂದಾದ ದಿನ. ಸಂಸ್ಥಾನ, ಮುಂಬೈ ಸರಕಾರ ಎಲ್ಲ ಹಿಂದಾಯಿತು ಎಂದು ಗದಗಿನ ಬೀದಿ ತುಂಬ ಮಂದಿ, ಡೊಳ್ಳು, ಜೈಕಾರ. ಸಂಜೆ ಮಾಸ್ತರನ್ನು ಲಕ್ಷ್ಮೇಶ್ವರದ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಹತ್ತಿರ ಕೂರಿಸಿ ಕೆಳಗಿಳಿದೆ. ಬಸ್ಸು ಹೊರಳಿತು. ಅಷ್ಟರಲ್ಲಿ ಅವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸತೊಡಗಿದರು.

"ಉಳವಪ್ಪಾ, ಬಂತೋ! ಹದಿನೆಂಟು! ಎಸ್! ಡಬ್ಲ್ಯೂ!"

"ಮುಂದ್ರೀ?"

ಮೆರವಣಿಗೆ ನಮ್ಮಿಬ್ಬರ ನಡುವೆ ನುಗ್ಗಿತು. ಅವರ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ದನಿ ಇಲ್ಲ. "ತಡೀರೋ, ಸುಮ್ಮನಾಗ್ರೋ!" ಎಂದು ಡೊಳ್ಳಿನವರ ಮೇಲೆ ಕೂಗಾಡಿದೆ. ಯಾರು ಕೇಳುತ್ತಾರೆ? ಬಸ್ಸಿನ ಹಿಂದೆ ಓಡಿದೆ. ಊರ ಅಂಚಿನ ಮುಳಗುಂದ ನಾಕೆಯವರೆಗೆ ಓಡಿ, ದಮ್ಮು ಹತ್ತಿ ರಸ್ತೆಯಲ್ಲೇ ಕುಳಿತೆ. ಇರಲಿ, ರವಿವಾರ ನಾನೇ ಹೋಗಿ ಕೇಳಿ ಬಂದರಾಯಿತು ಎಂದುಕೊಂಡೆ.

ರವಿವಾರ ಒಂದು ಡಬ್ಬಿಯಲ್ಲಿ ಇಂಗ್ಲಿಷ್ ಮೊಳೆ ತುಂಬಿಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಮಾಸ್ತರ ಮನೆಯ ಮುಂದೆ ಮಂದಿ ಕುಳಿತಿದ್ದರು. ಹಿಂದಿನ ದಿನ ನಸುಕಿನಲ್ಲಿ ಹೋಗಿಬಿಟ್ಟಿದ್ದರು. ಅವರ ತಂಗಿ ನನ್ನನ್ನು ನೋಡಿ, "ಎಂಥವೋ ಅಕ್ಷರಾ ಅಂತಿದ್ದ, ಅಚ್ಚಿನವ ಬರ್ತಾನ, ಬರಕೋ ಅಂದ. ನನಗ ಎಲ್ಲಿ ಬರೀಲಾಕ ಬರ್ತದ?" ಎಂದು ಅತ್ತಳು. ಡಬ್ಬಿ ಮಡಿಲಲ್ಲಿಟ್ಟುಕೊಂಡು ನಾನೂ ಅಲ್ಲೇ ಅತ್ತೆ.

ಹದಿನೆಂಟನೆಯ ಸಾಲಿನಲ್ಲಿ ಎರಡೇ ಅಕ್ಷರ ಹಚ್ಚಿ, ಉಳಿದದ್ದು ಖಾಲಿ ಬಿಟ್ಟು, ಐದುನೂರು ಪ್ರತಿ ಒತ್ತಿದೆವು. ಕರೀಮಸಾಬ ಕೆಂಪು ಬೊಟ್ಟು ಇಟ್ಟ. ನಾನು ಒಂದಲ್ಲ, ಮೂರು ಸಲ ಅವನನ್ನು ಕೇಳಿದೆ.

ಮೊದಲ ಪ್ರತಿ ತೆಗೆದುಕೊಂಡು ಹಮ್ಮಿಗಿಗೆ ಹೋದೆ. ಶಂಕ್ರೆವ್ವ ಹೊಳೆಯ ದಂಡೆಯಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದಳು. ಮಾಸ್ತರ ಹೆಸರು ಹೇಳಿದ ಕೂಡಲೇ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ಹಿಡಿದಳು. ಕಡೆಯ ಪುಟ ತೆರೆದುಕೊಟ್ಟೆ. ಒಂದನೆಯ ಸಾಲು ಓದಲು ಅವಳಿಗೆ ಬಹಳ ಹೊತ್ತು ಹಿಡಿಯಿತು. "ಶೀಪ್" ಎಂದಳು. ಬೆರಳು ಬಲಕ್ಕೆ ಸರಿಸಿ ಮತ್ತೆ "ಶೀಪ್" ಎಂದಳು. ಕಣ್ಣು ತುಂಬಿಕೊಂಡವು. ಆಮೇಲೆ ಬೆರಳು ಕೆಳಗೆ ಇಳಿಯುತ್ತಾ ಹೋಗಿ ಖಾಲಿ ಸಾಲುಗಳ ಮೇಲೆ ನಿಂತಿತು.

"ಇಲ್ಲಿ ಯಾಕ ಏನೂ ಇಲ್ಲ, ಯಣ್ಣಾ?"

"ಮಾಸ್ತರಿಗೆ ವಯಸ್ಸಾಗಿತ್ತವಾ. ನೆನಪು ಹಾರಿತ್ತು" ಎಂದುಬಿಟ್ಟೆ.

ಅವಳು ನಂಬಿದಳು, ಪುಸ್ತಕ ಮಡಚಿಕೊಂಡಳು. ಇಪ್ಪತ್ತನಾಲ್ಕನ್ನೂ ಅವರು ಬರೆದು ಕೊಟ್ಟಿದ್ದರು. ಬಿಚ್ಚಿದವನು ನಾನು ಎಂದು ಅವಳಿಗೆ ಹೇಳಲು ಮತ್ತೆ ಹಮ್ಮಿಗಿಗೆ ಹೋಗಲೇ ಇಲ್ಲ.